ತನ್ನ ಬಗ್ಗೆ ತಾನೇ ಸಾಕ್ಷಿ

1796ರ ಆರಂಭದಲ್ಲಿ ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದಲ್ಲಿ ಡೇವಿಡ್ ಕಿನ್ನೆಬ್ರೂಕ್ ಎಂಬ ಸಹಾಯಕ ಕೆಲಸ ಕಳೆದುಕೊಂಡ. ಕಳ್ಳತನ ಮಾಡಿದ್ದಕ್ಕಲ್ಲ, ಕುಡಿದು ಬಂದಿದ್ದಕ್ಕೂ ಅಲ್ಲ. ನಕ್ಷತ್ರವೊಂದು ದೂರದರ್ಶಕದೊಳಗಿನ ತಂತಿಯನ್ನು ದಾಟುವ ಗಳಿಗೆಯನ್ನು ಗುರುತಿಸುವುದು ಅವನ ಕೆಲಸವಾಗಿತ್ತು. ಕಿವಿಯಲ್ಲಿ ಗಡಿಯಾರದ ಬಡಿತ ಎಣಿಸುತ್ತ, ಕಣ್ಣಲ್ಲಿ ನಕ್ಷತ್ರವನ್ನು ಹಿಂಬಾಲಿಸುತ್ತ, ಎರಡು ಬಡಿತಗಳ ನಡುವೆ ಅದು ತಂತಿಯನ್ನು ಎಲ್ಲಿ ದಾಟಿತೆಂದು ಅಂದಾಜು ಮಾಡಿ ಸೆಕೆಂಡಿನ ಹತ್ತನೇ ಒಂದು ಭಾಗದವರೆಗೆ ಬರೆದಿಡಬೇಕು. ಅವನ ಲೆಕ್ಕ ಮೇಲಧಿಕಾರಿ ನೆವಿಲ್ ಮಾಸ್ಕೆಲಿನ್‌ನ ಲೆಕ್ಕಕ್ಕಿಂತ ಮೊದಲು ಅರ್ಧ ಸೆಕೆಂಡು ಹಿಂದೆ ಬೀಳತೊಡಗಿತು. ಎಚ್ಚರಿಸಿದ ಮೇಲೂ ಸುಧಾರಿಸಲಿಲ್ಲ, ವ್ಯತ್ಯಾಸ 0.8 ಸೆಕೆಂಡಿಗೆ ಬೆಳೆಯಿತು. ಮಾಸ್ಕೆಲಿನ್ ಅವನನ್ನು ಕಳಿಸಿಬಿಟ್ಟ.

ಇಪ್ಪತ್ತು ವರ್ಷಗಳ ನಂತರ ಈ ಸಣ್ಣ ಸಂಗತಿ ಕ್ಯೋನಿಗ್ಸ್‌ಬರ್ಗ್ ನಗರದ ಖಗೋಳಜ್ಞ ಬೆಸೆಲ್‌ನ ಕಣ್ಣಿಗೆ ಬಿತ್ತು. ತಪ್ಪು ಕಿನ್ನೆಬ್ರೂಕ್‌ನದೇ ಎಂದು ಹೇಗೆ ಹೇಳುವುದು? ಬೆಸೆಲ್ ತನ್ನನ್ನು ಇತರ ನುರಿತ ಖಗೋಳಜ್ಞರ ಜೊತೆ ಹೋಲಿಸಿ ನೋಡಿದ. ಅದೇ ನಕ್ಷತ್ರ, ಅದೇ ಗಡಿಯಾರ, ಆದರೂ ಇಬ್ಬರ ನಡುವೆ ಸುಮಾರು ಒಂದು ಸೆಕೆಂಡಿನ ಅಂತರ. ಇಬ್ಬರೂ ಪ್ರಾಮಾಣಿಕರು, ಇಬ್ಬರೂ ಪಳಗಿದವರು. ನೋಡುವವರು ಬೇರೆಯಾದರೆ ನೋಟದ ವೇಳೆಯೂ ಬೇರೆಯಾಗುತ್ತದೆ ಎಂಬುದನ್ನು ಒಪ್ಪಿಕೊಳ್ಳದೆ ಗತ್ಯಂತರವಿರಲಿಲ್ಲ. ಅಲ್ಲಿಂದ ಮುಂದೆ ಖಗೋಳಜ್ಞರು ಆಕಾಶದ ಜೊತೆಗೆ ಒಬ್ಬರನ್ನೊಬ್ಬರು ಅಳೆಯತೊಡಗಿದರು. ಕಿನ್ನೆಬ್ರೂಕ್‌ನಿಗೆ ಇದರಿಂದ ಏನೂ ಲಾಭವಾಗಲಿಲ್ಲ ಅನ್ನಿ.

ಮನೋವಿಜ್ಞಾನದ ಚರಿತ್ರೆಯನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಪಂಥಗಳ ಮೆರವಣಿಗೆಯಂತೆ ಹೇಳುತ್ತವೆ: ರಚನಾವಾದ ಬಂತು, ಕಾರ್ಯವಾದ ಬಂತು, ವರ್ತನಾವಾದ, ಗೆಸ್ಟಾಲ್ಟ್, ಮನೋವಿಶ್ಲೇಷಣೆ, ಆಮೇಲೆ ಸಂಜ್ಞಾನಾತ್ಮಕ ಕ್ರಾಂತಿ. ಪರೀಕ್ಷೆಗೆ ಓದುವವರಿಗೆ ಇದು ಅನುಕೂಲ. ಆದರೆ ಇವರೆಲ್ಲ ಯಾವ ವಿಷಯಕ್ಕೆ ಜಗಳವಾಡಿದರು ಎಂಬುದು ಆ ಪಟ್ಟಿಯಲ್ಲಿ ಕಾಣಿಸುವುದಿಲ್ಲ. ನನ್ನ ಮಟ್ಟಿಗೆ ಜಗಳದ ತಿರುಳು ಒಂದೇ. ಮನಸ್ಸಿನೊಳಗೆ ಏನು ನಡೆಯುತ್ತಿದೆ ಎಂದು ಆ ಮನಸ್ಸಿನ ಒಡೆಯ ಹೇಳುವ ಮಾತನ್ನು ಸಾಕ್ಷ್ಯವೆಂದು ಒಪ್ಪಬೇಕೇ, ಬೇಡವೇ? ಪ್ರತಿಯೊಂದು ಪಂಥವೂ ಈ ಪ್ರಶ್ನೆಗೆ ಕೊಟ್ಟ ಒಂದೊಂದು ತೀರ್ಪು. ಆ ತೀರ್ಪುಗಳ ಪರಿಣಾಮ ಪ್ರಯೋಗಾಲಯದ ಗೋಡೆಯೊಳಗೆ ಉಳಿಯಲಿಲ್ಲ.

ಪ್ರಶ್ನೆ ನಮ್ಮಲ್ಲಿ ತುಂಬ ಹಳೆಯದು. ಜ್ಞಾನ ತನ್ನನ್ನು ತಾನೇ ಅರಿಯುತ್ತದೆ ಎಂದು ಬೌದ್ಧ ತಾರ್ಕಿಕ ದಿಙ್ನಾಗ ವಾದಿಸಿದ. ಕತ್ತಿ ತನ್ನನ್ನು ತಾನು ಕತ್ತರಿಸೀತೇ, ಬೆರಳ ತುದಿ ತನ್ನನ್ನು ತಾನು ಮುಟ್ಟೀತೇ ಎಂದು ಮಾಧ್ಯಮಿಕರು ಕೇಳಿದರು. ಒಂದು ಅರಿವನ್ನು ಅರಿಯುವುದಕ್ಕೆ ಅದರ ಹಿಂದೆಯೇ ಬರುವ ಇನ್ನೊಂದು ಅರಿವು ಬೇಕು ಎಂದರು ನೈಯಾಯಿಕರು. ಅದಕ್ಕೆ ಅವರಿಟ್ಟ ಹೆಸರು ಅನುವ್ಯವಸಾಯ. ಕುಮಾರಿಲಭಟ್ಟನಂತೂ ಇನ್ನೂ ಕಟ್ಟುನಿಟ್ಟು. ಅರಿವನ್ನು ನೇರವಾಗಿ ಕಾಣಲಾಗದು, ವಸ್ತು ತಿಳಿಯಿತಲ್ಲ ಎಂಬುದರಿಂದ ಊಹಿಸಬೇಕಷ್ಟೇ ಎಂದ. ಯುರೋಪಿನಲ್ಲಿ ಇದೇ ಆಕ್ಷೇಪವನ್ನು ಕಾಂಟ್ 1786ರಲ್ಲಿ ಎತ್ತಿದ. ನೋಡಹೊರಟ ಕೂಡಲೇ ಮನಸ್ಸಿನ ಸ್ಥಿತಿ ಬದಲಾಗುತ್ತದೆ, ಅದಕ್ಕೆ ಗಣಿತವೂ ಹತ್ತುವುದಿಲ್ಲ, ಹಾಗಾಗಿ ಇದು ನಿಜವಾದ ವಿಜ್ಞಾನವಾಗಲಾರದು ಎಂಬುದು ಅವನ ಮತ. ಕಾಂಟ್ ಬದುಕಿದ್ದು ಅದೇ ಕ್ಯೋನಿಗ್ಸ್‌ಬರ್ಗ್‌ನಲ್ಲಿ. ಅವನ ನಂತರ ಬೆಸೆಲ್ ಅಲ್ಲೇ ಕೂತು ನೋಡುವವರನ್ನು ಅಳೆದ. ಬೆಸೆಲ್ ತೀರಿಕೊಂಡ ಕೆಲವೇ ವರ್ಷಗಳಲ್ಲಿ ಹೆಲ್ಮ್‌ಹೋಲ್ಟ್ಸ್ ಅದೇ ಊರಿಗೆ ಬಂದು ಕಪ್ಪೆಯ ಕಾಲಿನ ನರದಲ್ಲಿ ಸಂದೇಶ ಸಾಗುವ ವೇಗವನ್ನು ಅಳೆದ. ಮಿಂಚಿನಂತೆ ಹರಿಯುತ್ತದೆ, ಅಳೆಯುವುದು ಅಸಾಧ್ಯ ಎಂದುಕೊಂಡಿದ್ದು ಸೆಕೆಂಡಿಗೆ ಮೂವತ್ತು ಮೀಟರಿನ ಆಸುಪಾಸಿನಲ್ಲಿತ್ತು! ಯಾವುದು ಅಸಾಧ್ಯವೆಂದು ಒಬ್ಬ ಹೇಳಿದನೋ ಅದರ ಅರ್ಧ ದಾರಿಯನ್ನು ಅವನ ಊರಿನಲ್ಲೇ ಇನ್ನಿಬ್ಬರು ಸವೆಸಿಬಿಟ್ಟರು. ಇಂದು ಆ ಊರು ರಷ್ಯಾದ ಕಲಿನಿನ್‌ಗ್ರಾಡ್.

ಹೆಲ್ಮ್‌ಹೋಲ್ಟ್ಸ್ ಮುಂದೆ ಹೈಡಲ್‌ಬರ್ಗ್‌ಗೆ ಹೋದಾಗ ಅವನ ಸಹಾಯಕನಾಗಿದ್ದವನು ವಿಲ್ಹೆಲ್ಮ್ ವುಂಟ್. ಈ ವುಂಟ್ 1879ರಲ್ಲಿ ಲೈಪ್‌ಜಿಗ್‌ನಲ್ಲಿ ತೆರೆದ ಪ್ರಯೋಗಾಲಯವನ್ನೇ ಮನೋವಿಜ್ಞಾನದ ಜನ್ಮಸ್ಥಳವೆಂದು ಗುರುತಿಸುವುದು ವಾಡಿಕೆ. ವುಂಟ್ ಅಂದರೆ ಕಣ್ಣುಮುಚ್ಚಿ ಕೂತು ತನ್ನೊಳಗನ್ನು ತಾನು ಬಣ್ಣಿಸಿಕೊಳ್ಳುವವರ ಗುರು ಎಂಬ ಭಾವನೆ ಬಹಳ ಜನರಲ್ಲಿದೆ. ಅದು ಅನ್ಯಾಯ. ಸಾಕ್ಷಿಯನ್ನು ಎಷ್ಟು ಬಿಗಿಯಾಗಿ ಕಟ್ಟಿಹಾಕಬಹುದೋ ಅಷ್ಟೂ ಕಟ್ಟಿಹಾಕಿದವನು ಅವನು. ಸೆಕೆಂಡಿನ ಸಾವಿರದ ಒಂದು ಭಾಗವನ್ನು ತೋರಿಸುವ ಕಾಲಮಾಪಕ ಎದುರಿಗಿರುತ್ತಿತ್ತು. ಒಂದು ಸದ್ದು, ಒಂದು ಬೆಳಕು, ಕೇಳಿಸಿತೇ, ಕಾಣಿಸಿತೇ, ಎರಡರಲ್ಲಿ ಯಾವುದು ಜೋರು ಎಂಬಷ್ಟೇ ಉತ್ತರ. ಅದನ್ನೂ ಮತ್ತೆ ಮತ್ತೆ ಕೇಳಿ ತಾಳೆ ನೋಡಬೇಕು. ಸುಮ್ಮನೆ ಕೂತು ತನ್ನ ಯೋಚನೆಗಳ ಬಗ್ಗೆ ಯೋಚಿಸುವುದನ್ನು ಅವನು ವಿಜ್ಞಾನವೆಂದು ಒಪ್ಪುತ್ತಲೇ ಇರಲಿಲ್ಲ. ಭಾಷೆ, ಪುರಾಣ, ನಡವಳಿಕೆಯಂಥ ದೊಡ್ಡ ಸಂಗತಿಗಳು ಪ್ರಯೋಗಾಲಯಕ್ಕೆ ಸಿಗುವಂಥವಲ್ಲ, ಜನಸಮುದಾಯಗಳ ಚರಿತ್ರೆಯಲ್ಲಿ ಅವನ್ನು ಹುಡುಕಬೇಕು ಎಂದು ನಂಬಿ, 1900ರಿಂದ 1920ರವರೆಗೆ ಅದಕ್ಕೇ ಹತ್ತು ಸಂಪುಟ ಬರೆದ. ಅವನ ಅಮೆರಿಕನ್ ಶಿಷ್ಯರು ಗಡಿಯಾರ, ಉಪಕರಣಗಳನ್ನು ತಲೆಮೇಲೆ ಹೊತ್ತುಕೊಂಡು ಹೋದರು. ಈ ಹತ್ತು ಸಂಪುಟಗಳನ್ನು ಅಲ್ಲೇ ಬಿಟ್ಟುಹೋದರು.

ಲೈಪ್‌ಜಿಗ್‌ನ ಇನ್ನೊಂದು ವಿಶೇಷವನ್ನು ಹೇಳಲೇಬೇಕು. ಅಲ್ಲಿ ಪ್ರಯೋಗ ಮಾಡುವವನು, ಮಾಡಿಸಿಕೊಳ್ಳುವವನು ಎಂಬ ಮೇಲುಕೀಳು ಇರಲಿಲ್ಲ. ಇಂದು ಉಪಕರಣ ನಡೆಸಿದ ವಿದ್ಯಾರ್ಥಿ ನಾಳೆ ಎದುರಿನ ಕುರ್ಚಿಯಲ್ಲಿ ಕೂರುತ್ತಿದ್ದ. ಸ್ವತಃ ವುಂಟ್ ತನ್ನ ಶಿಷ್ಯರ ಪ್ರಯೋಗಗಳಲ್ಲಿ ಉತ್ತರ ಹೇಳುವವನಾಗಿ ಕೂತಿದ್ದಾನೆ. ಸಾಕ್ಷಿಗೆ ಅಲ್ಲಿ ಮರ್ಯಾದೆಯಿತ್ತು. ಅವನು ವಿದ್ವಾಂಸನಾಗಿದ್ದ ಎಂಬುದೇ ಅದಕ್ಕೆ ಕಾರಣವೂ ಹೌದು.

ಈ ಬಿಗಿಯನ್ನು ಸಡಿಲಿಸಿದ್ದು ಶಿಷ್ಯರು. ಇಂಗ್ಲೆಂಡಿನಿಂದ ಲೈಪ್‌ಜಿಗ್‌ಗೆ ಹೋಗಿ, ಅಲ್ಲಿಂದ 1892ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ ಸೇರಿದ ಟಿಚೆನರ್, ರಸಾಯನಶಾಸ್ತ್ರಜ್ಞರು ಮೂಲವಸ್ತುಗಳನ್ನು ಬೇರ್ಪಡಿಸಿದಂತೆ ಮನಸ್ಸಿನ ಮೂಲಾಂಶಗಳನ್ನು ಬೇರ್ಪಡಿಸಲು ಹೊರಟ. ಪಳಗಿದ ವೀಕ್ಷಕರು ತಮ್ಮ ಅನುಭವವನ್ನು ಬಿಡಿಸಿ ಬಿಡಿಸಿ ಹೇಳಬೇಕು. ಮೇಜನ್ನು ನೋಡಿ ಮೇಜು ಎಂದರೆ ತಪ್ಪು, ಕಂಡ ಬಣ್ಣ, ಹೊಳಪು, ಆಕಾರವನ್ನು ಮಾತ್ರ ಹೇಳಬೇಕು. ಅವನ ಎಣಿಕೆಯಲ್ಲಿ ಬೇರೆ ಬೇರೆ ಸಂವೇದನೆಗಳು 44 ಸಾವಿರಕ್ಕೂ ಹೆಚ್ಚು. ಇದೇ ರಚನಾವಾದ. ತನ್ನ ಮೊದಲ ಪಿಎಚ್.ಡಿ. ವಿದ್ಯಾರ್ಥಿನಿ ಮಾರ್ಗರೆಟ್ ವಾಶ್‌ಬರ್ನ್ ಹೆಣ್ಣಾಗಿದ್ದರೂ, 1904ರಲ್ಲಿ ತಾನೇ ಕಟ್ಟಿದ ಪ್ರಯೋಗಕಾರರ ಕೂಟಕ್ಕೆ ಹೆಂಗಸರನ್ನು ಸೇರಿಸಲಿಲ್ಲ ಈ ಮನುಷ್ಯ. ಸಿಗಾರ್ ಸೇದುತ್ತ ನಿರಾಳವಾಗಿ ಮಾತಾಡಲು ಆಗುವುದಿಲ್ಲವಂತೆ. ಯಾರ ಸಾಕ್ಷ್ಯ ಒಳಗೆ ಬರಬಹುದು ಎಂಬ ಪ್ರಶ್ನೆಗೆ ಇದೂ ಒಂದು ಉತ್ತರ.

ಅದೇ ಹೊತ್ತಿಗೆ ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ, ವುಂಟ್‌ನ ಇನ್ನೊಬ್ಬ ಶಿಷ್ಯ ಕ್ಯುಲ್ಪೆಯ ಸುತ್ತ ಸೇರಿದವರು ಬೇರೆಯದೇ ಫಲಿತಾಂಶ ಹೇಳತೊಡಗಿದರು. ಎರಡು ತೂಕಗಳನ್ನು ಕೈಯಲ್ಲೆತ್ತಿ ಯಾವುದು ಭಾರ ಎಂದು ಹೇಳು ಎಂದರೆ ಮನುಷ್ಯ ತಟ್ಟನೆ ಹೇಳುತ್ತಾನೆ. ಆ ತೀರ್ಮಾನ ಮಾಡುವಾಗ ಒಳಗೆ ಏನು ಕಂಡಿತು ಎಂದು ಕೇಳಿದರೆ, ಏನೂ ಕಾಣಲಿಲ್ಲ ಎನ್ನುತ್ತಾನೆ. ಚಿತ್ರವಿಲ್ಲ, ಶಬ್ದವಿಲ್ಲ, ಆದರೂ ಯೋಚನೆ ನಡೆದುಹೋಯಿತು. ಇದನ್ನವರು ಬಿಂಬರಹಿತ ಚಿಂತನೆ ಎಂದರು. ಇದು ಹುಸಿ ಪ್ರಯೋಗ ಎಂದು ವುಂಟ್ 1907ರಲ್ಲಿ ಸಿಡಿದ. ಬಿಂಬವಿಲ್ಲದ ಯೋಚನೆಯೇ ಇಲ್ಲ, ನಿಮ್ಮವರು ಸರಿಯಾಗಿ ನೋಡಿಲ್ಲ ಎಂದ ಟಿಚೆನರ್. ಅವನ ಪ್ರಯೋಗಾಲಯದಲ್ಲಿ ಕೂತವರಿಗೆ ಪ್ರತಿ ಸಲವೂ ಬಿಂಬಗಳು, ಸ್ನಾಯುಗಳ ಸೂಕ್ಷ್ಮ ಸೆಳೆತಗಳು ಸಿಗುತ್ತಲೇ ಇದ್ದವು. ವುರ್ಟ್ಸ್‌ಬರ್ಗ್‌ನವರಿಗೆ ಸಿಗುತ್ತಲೇ ಇರಲಿಲ್ಲ.

ಈ ಜಗಳವನ್ನು ಬಗೆಹರಿಸುವ ನ್ಯಾಯಾಲಯ ಇರಲಿಲ್ಲ. ಗ್ರೀನಿಚ್‌ನಲ್ಲಿ ಕಿನ್ನೆಬ್ರೂಕ್ ಮತ್ತು ಮಾಸ್ಕೆಲಿನ್ ನಡುವೆ ಹೊರಗೊಂದು ನಕ್ಷತ್ರವಾದರೂ ಇತ್ತು. ಇಲ್ಲಿ ನನ್ನ ಮನಸ್ಸಿನೊಳಗಿನದಕ್ಕೆ ನಾನೊಬ್ಬನೇ ಸಾಕ್ಷಿ, ನಿಮ್ಮದಕ್ಕೆ ನೀವೊಬ್ಬರೇ. ಗುರುವಿಗೆ ಬೇಕಾದ್ದು ಶಿಷ್ಯನಿಗೆ ಕಾಣಿಸುತ್ತಿದೆಯೋ ಎಂಬ ಅನುಮಾನವನ್ನು ತೊಡೆದುಹಾಕಲು ದಾರಿಯೇ ಇಲ್ಲ. ಒಂದು ಶಾಸ್ತ್ರದ ಮುಖ್ಯ ವಿಧಾನವೇ ಹೀಗೆ ಎಲ್ಲರ ಕಣ್ಣೆದುರಿಗೆ ಕುಸಿದದ್ದು ವಿಜ್ಞಾನದ ಚರಿತ್ರೆಯಲ್ಲಿ ಅಪರೂಪ.

1913ರಲ್ಲಿ ಜಾನ್ ವಾಟ್ಸನ್ ಈ ಕುಸಿದ ಗೋಡೆಯನ್ನು ಪೂರ್ತಿಯಾಗಿ ಕೆಡವಿದ. ಭೌತಶಾಸ್ತ್ರದಲ್ಲಿ ಫಲಿತಾಂಶ ಬೇರೆ ಬಂದರೆ ಉಪಕರಣವನ್ನು ದೂರುತ್ತೀರಿ, ನಿಮ್ಮಲ್ಲಿ ಮಾತ್ರ ವೀಕ್ಷಕನನ್ನು ದೂರುತ್ತೀರಿ ಎಂಬ ಅವನ ತಕರಾರು ನ್ಯಾಯವಾದದ್ದೇ ಆಗಿತ್ತು. ಆದರೆ ಅವನು ಸೂಚಿಸಿದ ಪರಿಹಾರ ಸಾಕ್ಷಿಯನ್ನೇ ಕಟಕಟೆಯಿಂದ ಇಳಿಸಿಬಿಡುವುದು. ಪ್ರಜ್ಞೆ, ಅನುಭವ, ಬಿಂಬ ಎಂಬ ಮಾತುಗಳನ್ನೇ ಬಿಡಿ. ಹೊರಗಿನಿಂದ ಬಂದ ಪ್ರಚೋದನೆ, ಅದಕ್ಕೆ ಕಂಡ ಪ್ರತಿಕ್ರಿಯೆ, ಇವೆರಡನ್ನೇ ಬರೆದುಕೊಳ್ಳಿ. ಇಲಿಗೂ ಮನುಷ್ಯನಿಗೂ ಒಂದೇ ವಿಧಾನ. ಪಾವ್ಲೋವ್ ಜೀರ್ಣಕ್ರಿಯೆಯನ್ನು ಅಧ್ಯಯನ ಮಾಡುತ್ತಿದ್ದಾಗ ನಾಯಿಗಳ ಜೊಲ್ಲಿನಲ್ಲಿ ಕಂಡುಕೊಂಡಿದ್ದು ವಾಟ್ಸನ್‌ಗೆ ಬೇಕಾದ ಸಲಕರಣೆಯನ್ನು ಒದಗಿಸಿತು.

ಮಾತನ್ನೇ ಲೆಕ್ಕಕ್ಕೆ ತೆಗೆದುಕೊಳ್ಳದ ಶಾಸ್ತ್ರಕ್ಕೆ ಮಾತೇ ಬಾರದ ಮಗು ಆದರ್ಶ ಪ್ರಯೋಗವಸ್ತು. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವಾಟ್ಸನ್ ಮತ್ತು ರೋಸಲಿ ರೇನರ್ ಒಂಬತ್ತು ತಿಂಗಳ ಮಗುವೊಂದನ್ನು ಆಯ್ದುಕೊಂಡರು. ತಾಯಿ ಅಲ್ಲಿನ ಮಕ್ಕಳ ಆಸ್ಪತ್ರೆಯಲ್ಲಿ ಬೇರೆ ಕೂಸುಗಳಿಗೆ ಹಾಲೂಡುವ ಕೆಲಸದವಳು. ಬರಹದಲ್ಲಿ ಮಗುವಿನ ಹೆಸರು ಆಲ್ಬರ್ಟ್. ಬಿಳಿ ಇಲಿಯನ್ನು ಕಂಡರೆ ಅದಕ್ಕೆ ಭಯವಿರಲಿಲ್ಲ. ಹನ್ನೊಂದು ತಿಂಗಳಾದಾಗ, ಅದು ಇಲಿಯನ್ನು ಮುಟ್ಟಲು ಹೋದ ಪ್ರತಿ ಸಲವೂ ಹಿಂದಿನಿಂದ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಹೊಡೆದರು. ಕೆಲವು ಸಲ ಹೀಗೆ ಮಾಡಿದ ಮೇಲೆ ಇಲಿ ಕಂಡರೆ ಸಾಕು, ಮಗು ಅಳುತ್ತ ತೆವಳಿಕೊಂಡು ಓಡುತ್ತಿತ್ತು. ಭಯ ಮೊಲಕ್ಕೆ, ನಾಯಿಗೆ, ತುಪ್ಪಳದ ಕೋಟಿಗೆ ಹಬ್ಬಿತು. ಆಮೇಲೆ ತಾಯಿ ಮಗುವನ್ನು ಕರೆದುಕೊಂಡು ಹೊರಟುಹೋದಳು. ಹುಟ್ಟಿಸಿದ ಭಯವನ್ನು ಯಾರೂ ತೆಗೆಯಲಿಲ್ಲ. ತಾಯಿ ಹೊರಡುವ ದಿನ ಮೊದಲೇ ಗೊತ್ತಿತ್ತು. ಇವನು ದೊಡ್ಡವನಾದ ಮೇಲೆ ಫ್ರಾಯ್ಡ್‌ನ ಅನುಯಾಯಿಗಳು ಇವನ ತುಪ್ಪಳದ ಭಯಕ್ಕೆ ಏನೇನು ಅರ್ಥ ಹಚ್ಚುತ್ತಾರೋ ಎಂಬ ಹಾಸ್ಯವನ್ನು ಮಾತ್ರ 1920ರ ಆ ಪ್ರಬಂಧದಲ್ಲಿ ಮರೆಯದೆ ಸೇರಿಸಿದ್ದರು. ವಿಧಾನ ಎಷ್ಟೇ ಶುದ್ಧವಿರಲಿ, ಆ ಪುಟಗಳನ್ನು ಓದುವಾಗ ಹೊಟ್ಟೆ ತೊಳಸುತ್ತದೆ.

ಅದೇ ವರ್ಷ ವಿಚ್ಛೇದನದ ರಂಪದಲ್ಲಿ ವಾಟ್ಸನ್ ವಿಶ್ವವಿದ್ಯಾಲಯ ಬಿಟ್ಟು ಜಾಹೀರಾತು ಕಂಪನಿ ಸೇರಿದ. ಮಕ್ಕಳನ್ನು ಮುದ್ದಿಸಬೇಡಿ, ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ, ಬೆಳಿಗ್ಗೆ ಕೈಕುಲುಕಿದರೆ ಸಾಕು ಎಂದು 1928ರಲ್ಲಿ ಅಪ್ಪ ಅಮ್ಮಂದಿರಿಗೆ ಪುಸ್ತಕ ಬರೆದ. ಮೂಡಿದ ಭಯವನ್ನು ಕಳೆಯುವುದು ಹೇಗೆಂದು ತೋರಿಸಿದವಳು ಮೇರಿ ಕವರ್ ಜೋನ್ಸ್. 1924ರಲ್ಲಿ ಪೀಟರ್ ಎಂಬ ಹುಡುಗನಿಗೆ ಇಷ್ಟದ ತಿಂಡಿ ಕೊಡುತ್ತ, ಅವನು ಹೆದರುತ್ತಿದ್ದ ಮೊಲವನ್ನು ದಿನದಿನವೂ ಸ್ವಲ್ಪ ಸ್ವಲ್ಪ ಹತ್ತಿರ ತಂದಳು. ಇಂದಿನ ಭಯಚಿಕಿತ್ಸೆಗಳ ಬೇರು ಅಲ್ಲಿದೆ. ವರ್ತನಾವಾದ ಸುತ್ತಿಗೆಯೊಂದೇ ಅಲ್ಲ, ಈ ತಿಂಡಿಯ ತಟ್ಟೆಯೂ ಹೌದು.

ವಿಯೆನ್ನಾದಲ್ಲಿ ಆಗಲೇ ಇನ್ನೊಂದು ತೀರ್ಪು ಬಂದಾಗಿತ್ತು. ಫ್ರಾಯ್ಡ್ ಸಾಕ್ಷಿಯನ್ನು ಇಳಿಸಲಿಲ್ಲ. ಮಂಚದ ಮೇಲೆ ಮಲಗಿಸಿ, ಮನಸ್ಸಿಗೆ ಬಂದದ್ದನ್ನೆಲ್ಲ ಹೇಳು ಎಂದ. ಅದಕ್ಕೆ ಮೊದಲು ವೈದ್ಯರು ಹುಚ್ಚರನ್ನು ನೋಡುತ್ತಿದ್ದರು, ಈಗ ಒಬ್ಬ ವೈದ್ಯ ಗಂಟೆಗಟ್ಟಲೆ ಕೂತು ಕೇಳತೊಡಗಿದ. ಇದು ಸಣ್ಣ ಸಂಗತಿಯಲ್ಲ. ಆದರೆ ಕೇಳುವುದು ಬೇರೆ, ನಂಬುವುದು ಬೇರೆ. ಫ್ರಾಯ್ಡ್ 'ಡೋರಾ' ಎಂದು ಕರೆದ ಹುಡುಗಿ 1900ರ ಕೊನೆಯಲ್ಲಿ ಅವನ ಬಳಿ ಬಂದಾಗ ಹದಿನೆಂಟರ ಆಸುಪಾಸು. ಅಪ್ಪನ ಗೆಳೆಯನೊಬ್ಬ ಸರೋವರದ ದಡದಲ್ಲಿ ತನ್ನ ಜೊತೆ ಕೆಟ್ಟದಾಗಿ ನಡೆದುಕೊಂಡ ಎಂದು ಅವಳು ಮನೆಯಲ್ಲಿ ಹೇಳಿದ್ದಳು. ಅವನು ಇಲ್ಲವೆಂದ. ಅಪ್ಪ ಅವನನ್ನೇ ನಂಬಿದ. ಆ ಮನುಷ್ಯನ ಹೆಂಡತಿಯ ಜೊತೆ ಅಪ್ಪನಿಗೇ ಸಂಬಂಧವಿತ್ತು, ಹುಡುಗಿಗೆ ಅದೂ ಗೊತ್ತಿತ್ತು. ಅವಳಿಗೆ ಬುದ್ಧಿ ಬರುವ ಹಾಗೆ ಮಾಡಿ ಎಂದು ಫ್ರಾಯ್ಡ್ ಬಳಿಗೆ ಕರೆತಂದದ್ದು ಇದೇ ಅಪ್ಪ.

ಫ್ರಾಯ್ಡ್ ಘಟನೆಯನ್ನು ನಂಬಿದ. ಅಷ್ಟರ ಮಟ್ಟಿಗೆ ಅವನು ಆ ಮನೆಯವರಿಗಿಂತ ಮೇಲು. ಆದರೆ ಅವಳಿಗೆ ಅಸಹ್ಯವಾಯಿತು ಎಂಬುದನ್ನು ನಂಬಲಿಲ್ಲ. ಅಸಹ್ಯದ ಅಡಿಯಲ್ಲಿ ಆಸೆ ಇತ್ತು, ನೀನು ಅವನನ್ನು ಪ್ರೀತಿಸುತ್ತಿದ್ದೆ ಎಂದು ಅವಳಿಗೆ ಮತ್ತೆ ಮತ್ತೆ ತಿಳಿಹೇಳಿದ. ಅವಳ ಇಲ್ಲವೇ ಅವನಿಗೆ ಹೌದಾಗಿ ಕೇಳಿಸುತ್ತಿತ್ತು. ಹನ್ನೊಂದು ವಾರಗಳಾದ ಮೇಲೆ ಡಿಸೆಂಬರ್ 31ರಂದು ಅವಳು ಇನ್ನು ಬರುವುದಿಲ್ಲ ಎಂದು ಹೇಳಿ ಎದ್ದುಹೋದಳು. ಒಂದೂಕಾಲು ವರ್ಷದ ನಂತರ ಇನ್ನೊಮ್ಮೆ ಬಂದು, ಆ ಗಂಡಹೆಂಡಿರನ್ನು ತಾನೇ ಎದುರಿಸಿದೆ, ಅವನು ತಪ್ಪು ಒಪ್ಪಿಕೊಂಡ ಎಂದು ತಿಳಿಸಿದಳು. ಇದನ್ನೂ ಫ್ರಾಯ್ಡೇ ಬರೆದಿದ್ದಾನೆ, 1905ರಲ್ಲಿ ಪ್ರಕಟಿಸಿದ್ದಾನೆ. ತನ್ನ ವಿರುದ್ಧದ ಸಾಕ್ಷ್ಯವನ್ನು ತಾನೇ ಕಡತಕ್ಕೆ ಸೇರಿಸಿದ ಎಂಬ ಕಾರಣಕ್ಕೇ ಅವನನ್ನು ಸುಲಭವಾಗಿ ತಳ್ಳಿಹಾಕಲು ನನಗೆ ಮನಸ್ಸು ಬಾರದು. ಸಾಕ್ಷಿ ಹೇಳುವ ಮಾತಿಗೆ ಸಾಕ್ಷಿಗೇ ಗೊತ್ತಿಲ್ಲದ ಅರ್ಥವಿರಬಹುದು ಎಂಬ ಅವನ ಒಳನೋಟ ದೊಡ್ಡದು. ಆ ಅರ್ಥ ತನಗೆ ಮಾತ್ರ ಗೊತ್ತು ಎಂದು ವೈದ್ಯ ಭಾವಿಸಿದ ಕೂಡಲೇ ಏನಾಗುತ್ತದೆ ಎನ್ನುವುದು ಡೋರಾಳ ಕತೆ.

ಕಲ್ಕತ್ತಾದ ಗಿರೀಂದ್ರಶೇಖರ ಬೋಸ್ ದಮನದ ಬಗ್ಗೆ ತಾವು ಬರೆದ ಪ್ರಬಂಧವನ್ನು 1921ರ ಹೊತ್ತಿಗೆ ಫ್ರಾಯ್ಡ್‌ಗೆ ಕಳಿಸಿದರು, 1922ರಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದರು. ಪ್ರತಿಯೊಂದು ಆಸೆಯ ಜೊತೆಗೂ ಅದರ ವಿರುದ್ಧದ ಆಸೆ ಇದ್ದೇ ಇರುತ್ತದೆ ಎಂಬುದು ಅವರ ಸ್ವಂತ ಸಿದ್ಧಾಂತ. ಫ್ರಾಯ್ಡ್‌ನನ್ನು ಅವರು ಗೌರವಿಸಿದರು, ಆದರೆ ಹಿಂಬಾಲಿಸಲಿಲ್ಲ. ಇಬ್ಬರೂ ಮುಖತಃ ಭೇಟಿಯಾಗಲೇ ಇಲ್ಲ, ಎಲ್ಲ ಪತ್ರಗಳಲ್ಲೇ.

ಗೆಸ್ಟಾಲ್ಟ್ ಪಂಥದವರು ಈ ಜಗಳದಲ್ಲಿ ಹೆಚ್ಚು ಸದ್ದು ಮಾಡದೆ ಒಳ್ಳೆಯ ದಾರಿಯೊಂದನ್ನು ಹಿಡಿದರು. 1910ರಲ್ಲಿ ರೈಲಿನಲ್ಲಿ ಹೋಗುತ್ತಿದ್ದ ಮ್ಯಾಕ್ಸ್ ವರ್ಟ್‌ಹೈಮರ್‌ಗೆ ಚಲನೆಯ ಬಗ್ಗೆ ಏನೋ ಹೊಳೆದು, ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಚಿತ್ರಗಳನ್ನು ಓಡಿಸುವ ಮಕ್ಕಳ ಆಟಿಕೆಯೊಂದನ್ನು ಕೊಂಡ. ಎರಡು ಗೆರೆಗಳನ್ನು ಒಂದರ ನಂತರ ಒಂದು ತಕ್ಕ ಅಂತರದಲ್ಲಿ ಬೆಳಗಿಸಿದರೆ ಒಂದೇ ಗೆರೆ ಸರಿದಂತೆ ಕಾಣುತ್ತದೆ. ಬಿಡಿಸಿ ಹೇಳು ಎಂದು ಅವನು ಯಾರನ್ನೂ ಪೀಡಿಸಲಿಲ್ಲ. ಏನು ಕಂಡಿತೋ ಹಾಗೆಯೇ ಹೇಳಿ ಎಂದ. ಸರಿದದ್ದು ಕಂಡಿತು ಎಂದರು. ಅನುಭವ ಇಡಿಯಾಗಿಯೇ ಬರುತ್ತದೆ, ತುಂಡುಗಳು ಆಮೇಲೆ ನಾವು ಮಾಡಿದ್ದು ಎಂಬುದು 1912ರ ಅವನ ಪ್ರಬಂಧದಿಂದ ಬೆಳೆದ ವಾದ. ಹಿಟ್ಲರ್ ಬಂದ ಮೇಲೆ ಯಹೂದಿಯಾದ ವರ್ಟ್‌ಹೈಮರ್ ದೇಶ ಬಿಡಬೇಕಾಯಿತು. ಯಹೂದಿಯಲ್ಲದ ಕ್ಯೋಲರ್ 1933ರ ಏಪ್ರಿಲ್‌ನಲ್ಲಿ ಬರ್ಲಿನ್ನಿನ ಪತ್ರಿಕೆಯಲ್ಲಿ ಪ್ರಾಧ್ಯಾಪಕರ ವಜಾವನ್ನು ಬಹಿರಂಗವಾಗಿ ಖಂಡಿಸಿದ. ಎರಡು ವರ್ಷಗಳಲ್ಲಿ ಅವನೂ ಅಮೆರಿಕ ಸೇರಿದ.

ಈ ಲೈಪ್‌ಜಿಗ್ ವಂಶವೃಕ್ಷದ ಒಂದು ಕೊಂಬೆ ಮೈಸೂರಿಗೂ ಚಾಚಿದೆ. ವುಂಟ್‌ನ ಬಳಿ ಪದವಿ ಪಡೆದ ಚಾರ್ಲ್ಸ್ ಸ್ಪಿಯರ್‌ಮನ್ ಲಂಡನ್ನಿನಲ್ಲಿ ಬುದ್ಧಿಶಕ್ತಿಯ ಸಿದ್ಧಾಂತ ಕಟ್ಟಿದ. ಅವನ ಬಳಿ ಕಲಿತು ಬಂದ ಎಂ. ವಿ. ಗೋಪಾಲಸ್ವಾಮಿ ಅವರು 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗ ಕಟ್ಟಿದರು. ಆಗ ಅಲ್ಲಿ ಕುಲಪತಿಯಾಗಿದ್ದವರು ತತ್ವಜ್ಞಾನಿ ಬ್ರಜೇಂದ್ರನಾಥ ಸೀಲ್. ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ 1905ರಲ್ಲೇ ಪ್ರಾಯೋಗಿಕ ಮನೋವಿಜ್ಞಾನದ ಪಠ್ಯಕ್ರಮ ಬರೆದುಕೊಟ್ಟವರು ಅವರೇ. ಗೋಪಾಲಸ್ವಾಮಿ ಎಂದರೆ ನಮಗೆ ತಕ್ಷಣ ನೆನಪಾಗುವುದು 1935ರಲ್ಲಿ ಅವರ ಮನೆಯಿಂದ ಶುರುವಾದ ಬಾನುಲಿ ಕೇಂದ್ರ, 'ಆಕಾಶವಾಣಿ'. ಒಳಗಿನ ದನಿಯನ್ನು ಅಳೆಯುವ ಶಾಸ್ತ್ರ ಓದಿದವರು ಹೊರಗಿನ ದನಿಯನ್ನು ಊರಿಗೆಲ್ಲ ಹಂಚಿದರು, ಅದರ ನೆರಳಿನಲ್ಲಿ ಅವರ ಪ್ರಯೋಗಾಲಯ ಮರೆಯಾಯಿತು. ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ, ಅಂದರೆ ಈಗಿನ ನಿಮ್ಹಾನ್ಸ್‌ನ ಪೂರ್ವರೂಪದಲ್ಲಿ, ಪಾಠ ಹೇಳಿದ ಸಾ. ಕೃ. ರಾಮಚಂದ್ರರಾವ್ ಅವರು ಭಾರತೀಯ ಮನಃಶಾಸ್ತ್ರೀಯ ಚಿಂತನೆಯ ಬೆಳವಣಿಗೆಯ ಬಗ್ಗೆ 1962ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ತಂದರು. ಹಾಸ್ಯಕ್ಕೆ ಹೆಸರಾದ 'ಕೊರವಂಜಿ'ಯ ರಾಶಿ, ಅಂದರೆ ವೈದ್ಯ ಎಂ. ಶಿವರಾಂ, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು ನಗೆಬರಹಕ್ಕಲ್ಲ, ಮನಸ್ಸಿನ ಕಾಯಿಲೆಗಳ ಕುರಿತ 'ಮನಮಂಥನ'ಕ್ಕೆ, 1976ರಲ್ಲಿ. ಕಾದಂಬರಿ, ಕಾವ್ಯಗಳ ಸಾಲಿನಲ್ಲಿ ಅಂಥ ಪುಸ್ತಕವೊಂದು ನಿಂತಿತು ಎಂಬುದು ಕನ್ನಡಕ್ಕೆ ಹೆಮ್ಮೆಯ ಸಂಗತಿ.

ಅಮೆರಿಕದಲ್ಲಿ ವರ್ತನಾವಾದ ಸ್ಕಿನ್ನರ್‌ನ ಕೈಯಲ್ಲಿ ಶತಮಾನದ ನಡುವಿನವರೆಗೂ ಮೆರೆಯಿತು. 1956ರ ಸೆಪ್ಟೆಂಬರಿನಲ್ಲಿ ಎಂಐಟಿಯಲ್ಲಿ ನಡೆದ ಸಭೆಯೊಂದರಲ್ಲಿ ನೆನಪಿನ ಮಿತಿಯ ಬಗ್ಗೆ ಜಾರ್ಜ್ ಮಿಲ್ಲರ್, ವ್ಯಾಕರಣದ ಬಗ್ಗೆ ಚೋಮ್‌ಸ್ಕಿ, ತರ್ಕ ಮಾಡುವ ಕಂಪ್ಯೂಟರಿನ ಬಗ್ಗೆ ನ್ಯೂವೆಲ್ ಮತ್ತು ಸೈಮನ್ ಮಾತಾಡಿದರು. ಮನಸ್ಸು ಎಂಬ ಪದ ಮೆಲ್ಲಗೆ ಮರಳಿತು. ಸೈಮನ್ ಸಾಕ್ಷಿಯನ್ನೂ ಮರಳಿ ಕರೆದ, ಒಂದು ಷರತ್ತಿನ ಮೇಲೆ. ಲೆಕ್ಕ ಬಿಡಿಸುತ್ತಿರುವಾಗಲೇ ಮನಸ್ಸಿನಲ್ಲಿ ಓಡುತ್ತಿರುವುದನ್ನು ಗಟ್ಟಿಯಾಗಿ ಹೇಳುತ್ತ ಹೋಗಿ, ಯಾಕೆ ಹಾಗೆ ಮಾಡಿದೆ ಎಂದು ವಿವರಿಸಲು ಮಾತ್ರ ಹೋಗಬೇಡಿ. ಇದರಲ್ಲಿ ವುಂಟ್‌ನ ಹಳೆಯ ಎಚ್ಚರಿಕೆಯ ನೆರಳು ಕಾಣುತ್ತದೆ. ಇತ್ತ ಕಾರ್ಲ್ ರೋಜರ್ಸ್, ಚಿಕಿತ್ಸೆಯ ಮಾತುಕತೆಯನ್ನು ಧ್ವನಿಮುದ್ರಿಸಿ ಒಬ್ಬ ವ್ಯಕ್ತಿಯ ಇಡೀ ಚಿಕಿತ್ಸೆಯನ್ನು 1942ರಲ್ಲಿ ಅಕ್ಷರಕ್ಕಿಳಿಸಿ ಅಚ್ಚು ಹಾಕಿಸಿದ್ದ. ಫ್ರಾಯ್ಡ್‌ನ ಕೋಣೆಯಲ್ಲಿ ಏನು ನಡೆಯಿತು ಎಂಬುದಕ್ಕೆ ಫ್ರಾಯ್ಡ್ ಹೇಳಿದ್ದೇ ಆಧಾರ. ರೋಜರ್ಸ್‌ನ ಕೋಣೆಯಲ್ಲಿ ಬಂದವನ ಮಾತೂ ದಾಖಲೆಯಾಯಿತು.

ಈ ವಾದವಿವಾದಗಳು ಪಂಡಿತರ ಕಾಲಹರಣವಲ್ಲ ಎನ್ನುವುದಕ್ಕೆ 1972ರ ಡಲ್ಲಾಸ್ ಸಭೆಗಿಂತ ಬೇರೆ ಉದಾಹರಣೆ ಬೇಕಿಲ್ಲ. ಸಲಿಂಗಪ್ರೇಮ ಆಗ ಅಮೆರಿಕದ ಮನೋವೈದ್ಯರ ಅಧಿಕೃತ ಪಟ್ಟಿಯಲ್ಲಿ ಒಂದು ಕಾಯಿಲೆ. ನಾವು ಕಾಯಿಲೆಯವರಲ್ಲ ಎಂದು ಆ ಜನರೇ ಹೇಳಿದರೆ ಅದನ್ನು ಕಾಯಿಲೆಯ ಲಕ್ಷಣವೆಂದೇ ಬರೆದುಕೊಳ್ಳುವವರು ಇದ್ದರು. ಎವಲಿನ್ ಹೂಕರ್ ಎಂಬ ಮನೋವಿಜ್ಞಾನಿ 1957ರಲ್ಲಿ ಸಲಿಂಗಿಗಳು 30 ಜನ, ಅಲ್ಲದವರು 30 ಜನರ ಪರೀಕ್ಷಾ ಉತ್ತರಗಳನ್ನು ಹೆಸರಿಲ್ಲದೆ ತಜ್ಞರ ಮುಂದಿಟ್ಟಾಗ, ಯಾರು ಯಾವ ಗುಂಪೆಂದು ಗುರುತಿಸಲು ತಜ್ಞರಿಗೆ ಆಗಿರಲಿಲ್ಲ. ಆದರೂ ಪಟ್ಟಿ ಬದಲಾಗಿರಲಿಲ್ಲ. ಡಲ್ಲಾಸ್‌ನಲ್ಲಿ ಮನೋವೈದ್ಯರ ವಾರ್ಷಿಕ ಸಭೆಯ ವೇದಿಕೆಗೆ ಒಬ್ಬ ಮುಖವಾಡ ಹಾಕಿ, ವಿಗ್ ಧರಿಸಿ, ದನಿ ಬದಲಿಸುವ ಮೈಕ್ ಹಿಡಿದು ಬಂದ. ತಾನು ಸಲಿಂಗಿ, ತಾನು ಮನೋವೈದ್ಯ, ಎರಡೂ ಹೌದು ಎಂದ. ಅವನು ಜಾನ್ ಫ್ರೈಯರ್ ಎಂಬುದು ಲೋಕಕ್ಕೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ತನ್ನ ಬಗ್ಗೆ ತಾನೇ ಸಾಕ್ಷಿ ಹೇಳುವುದಕ್ಕೆ ಒಬ್ಬ ವೈದ್ಯ ತನ್ನ ಸಹೋದ್ಯೋಗಿಗಳ ಎದುರಿಗೇ ಮುಖ ಮುಚ್ಚಿಕೊಳ್ಳಬೇಕಾಯಿತು. 1973ರ ಡಿಸೆಂಬರಿನಲ್ಲಿ ಪಟ್ಟಿಯಿಂದ ಅದನ್ನು ತೆಗೆದರು.

ಹಾಗಾದರೆ ಮನುಷ್ಯ ತನ್ನ ಬಗ್ಗೆ ಹೇಳಿದ್ದನ್ನೆಲ್ಲ ನಂಬೋಣವೇ? ನಾಲ್ಕು ವರ್ಷಗಳ ನಂತರ ನಿಸ್ಬೆಟ್ ಮತ್ತು ವಿಲ್ಸನ್ ಎಂಬಿಬ್ಬರು ಪ್ರಕಟಿಸಿದ ಪ್ರಬಂಧ ಅದಕ್ಕೂ ತಡೆಹಾಕಿತು. ಅಂಗಡಿಯೊಂದರಲ್ಲಿ ನಾಲ್ಕು ಜೊತೆ ನೈಲಾನ್ ಕಾಲುಚೀಲಗಳನ್ನು ಸಾಲಾಗಿ ಇಟ್ಟು, ಬಂದವರಿಗೆ ಒಳ್ಳೆಯದನ್ನು ಆರಿಸಿ ಎಂದಿದ್ದರು. ನಾಲ್ಕೂ ಒಂದೇ, ಎಳ್ಳಷ್ಟೂ ವ್ಯತ್ಯಾಸವಿಲ್ಲ. ಆರಿಸಿದವರಲ್ಲಿ ಎಡತುದಿಯದಕ್ಕೆ ಒಬ್ಬರಾದರೆ ಬಲತುದಿಯದಕ್ಕೆ ಹೆಚ್ಚುಕಡಿಮೆ ನಾಲ್ಕು ಜನ. ಯಾಕೆ ಅದನ್ನೇ ಆರಿಸಿದಿರಿ ಎಂದು ಕೇಳಿದಾಗ, ಅದು ಬಲತುದಿಯಲ್ಲಿತ್ತು ಎಂದು ಒಬ್ಬರೂ ಹೇಳಲಿಲ್ಲ. ಇಟ್ಟ ಜಾಗ ಕಾರಣವಾಗಿರಬಹುದೇ ಎಂದು ಕೇಳಿದರೆ, ಕೇಳಿದವನ ತಲೆಯೇ ಕೆಟ್ಟಿದೆಯೇನೋ ಎಂಬಂತೆ ನೋಡಿದವರೂ ಉಂಟು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ತಮಗೆ ಏನನ್ನಿಸಿತು ಎಂಬುದು ಅವರಿಗೆ ಗೊತ್ತಿತ್ತು, ಯಾಕೆ ಅನ್ನಿಸಿತು ಎಂಬುದು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ. ಏನು ಎಂಬುದಕ್ಕೆ ಮನುಷ್ಯ ಒಳ್ಳೆಯ ಸಾಕ್ಷಿ, ಯಾಕೆ ಎಂಬುದಕ್ಕೆ ಕೆಟ್ಟ ಸಾಕ್ಷಿ ಎಂಬ ಈ ವಿಂಗಡಣೆ ನನಗೆ ಇಡೀ ಚರಿತ್ರೆಯಲ್ಲೇ ಹೆಚ್ಚು ಉಪಯೋಗಕ್ಕೆ ಬರುವ ಮಾತಾಗಿ ಕಾಣುತ್ತದೆ. ಡೋರಾ ಹೇಳಿದ್ದು ಏನು ಎಂಬುದನ್ನು.

ಮೆದುಳಿನ ಚಿತ್ರ ತೆಗೆಯುವ ಯಂತ್ರಗಳು ಬಂದು ದಶಕಗಳೇ ಆದವು. ಆದರೂ ಇಂದು ಖಿನ್ನತೆ ಇದೆಯೇ ಎಂದು ತಿಳಿಯಲು ಜಗತ್ತಿನಾದ್ಯಂತ ಆಸ್ಪತ್ರೆಗಳಲ್ಲಿ ಮೊದಲು ಕೈಗೆ ಕೊಡುವುದು ಒಂದು ಹಾಳೆ. ಪಿಎಚ್‌ಕ್ಯೂ-9 ಎಂಬ ಆ ಹಾಳೆಯಲ್ಲಿ ಒಂಬತ್ತು ಪ್ರಶ್ನೆಗಳಿವೆ, ಒಂದೊಂದಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 27. ನಿದ್ದೆ ಹೇಗಿದೆ, ಊಟ ಸೇರುತ್ತಿದೆಯೇ, ಯಾವುದರಲ್ಲೂ ಆಸಕ್ತಿ ಇಲ್ಲದಂತಾಗಿದೆಯೇ, ಕಳೆದ ಎರಡು ವಾರಗಳಲ್ಲಿ ಎಷ್ಟು ದಿನ ಹೀಗಾಯಿತು. ಯಾಕೆ ಎಂದು ಅದು ಒಂದು ಸಲವೂ ಕೇಳುವುದಿಲ್ಲ. ನಮ್ಮ ಕಡೆ ಇದೇ ಪ್ರಶ್ನೆಗಳಿಗೆ ಎದೆ ಭಾರ, ಕೈಕಾಲಲ್ಲಿ ಶಕ್ತಿ ಇಲ್ಲ, ಮೈಯೆಲ್ಲ ಉರಿ ಎಂದು ಉತ್ತರಿಸುವವರೇ ಹೆಚ್ಚು, ಹಾಳೆಯಲ್ಲಿ ಆ ಮಾತುಗಳಿಗೆ ಚೌಕವಿಲ್ಲ. ಹಾಳೆ ಹಿಡಿದ ಹೆಂಗಸು ಮೂರನೇ ಪ್ರಶ್ನೆಗೆ ಬಂದು ನಿಲ್ಲುತ್ತಾಳೆ. ಹಿಂದಿನ ಹದಿನಾಲ್ಕು ರಾತ್ರಿಗಳನ್ನು ಒಂದೊಂದಾಗಿ ನೆನಪಿಸಿಕೊಳ್ಳುತ್ತಾಳೆ. ಪಕ್ಕದಲ್ಲಿ ಕೂತ ಗಂಡ, ಚೆನ್ನಾಗಿಯೇ ಮಲಗ್ತಾಳೆ ಡಾಕ್ಟ್ರೇ ಎನ್ನುತ್ತಾನೆ. ಅವಳು ಪೆನ್ನು ಎತ್ತಿ ಕೊನೆಯ ಚೌಕಕ್ಕೆ ಗುರುತು ಹಾಕುತ್ತಾಳೆ.